ಹನ್ನೊಂದು ತಿಂಗಳ ಕರಾರು

ಗಣಪತಿ ಬಿಡುವ ಕಲ್ಯಾಣಿಗೆ ವರ್ಷಕ್ಕೆ
ಒಂದೇ ತಿಂಗಳು ಕೆಲಸ.
ಮಿಕ್ಕ ಹನ್ನೊಂದು ತಿಂಗಳು ಮಳೆನೀರು, ಪಾಚಿ,
ಯಾರದೋ ಒಂಟಿ ಚಪ್ಪಲಿ,
ಮತ್ತು ಅಡ್ವಾನ್ಸ್ ಕೊಡದೆ ಬಂದು ಸೇರಿಕೊಂಡ ಇವು.

ಏರೋಪ್ಲೇನ್ ಚಿಟ್ಟೆ ಅಂದರೆ ಮುನಿರತ್ನಮ್ಮ ಒಪ್ಪುವುದಿಲ್ಲ.
"ಅದು ರೆಕ್ಕೆ ಹರಡಿಕೊಂಡು ಕೂರುತ್ತೆ. ಇದು ನೋಡು,
ಮಡಿಸಿ ಬೆನ್ನ ಮೇಲಿಟ್ಟುಕೊಳ್ಳುತ್ತೆ,
ಮದುವೆಯಿಂದ ಬಂದವಳು ಸೀರೆ ಮಡಿಸಿಟ್ಟ ಹಾಗೆ."
ನಾವು ಸೂಜಿ ಅನ್ನುತ್ತೇವೆ.
ದಾರ ಪೋಣಿಸದ ಸೂಜಿ. ತುದಿಗೆ ಒಂದು ಚುಕ್ಕಿ ನೀಲಿ,
ಸಿಮ್ಮಿನಲ್ಲಿಟ್ಟ ಗ್ಯಾಸಿನ ಉರಿಯಷ್ಟು.

ಆರಕ್ಕೆ ಗೇಟು ತೆಗೆದು, ರಿಜಿಸ್ಟರಿಗೆ ಸಹಿ ಹಾಕಿ
ಮೆಟ್ಟಿಲ ಮೇಲೆ ಕೂತರೆ ಕಾಣುತ್ತದೆ:
ಮೂಲೆಯ ಜೊಂಡಿನ ಕಡ್ಡಿ ಹತ್ತುತ್ತದೆ ಒಂದು ಮಣ್ಣುಬಣ್ಣದ ಹುಳ.
ನಿಲ್ಲುತ್ತದೆ.
ಬೆನ್ನು ಬಿರಿಯುತ್ತದೆ.
ತನ್ನೊಳಗಿಂದ ತಾನು ಹೊರಬಂದು ಒಣಗುವಷ್ಟರಲ್ಲಿ
ವಾಕಿಂಗಿನವರು ಆರು ಸುತ್ತು ಮುಗಿಸಿ
ಎಳನೀರು ಕುಡಿಯುತ್ತಿರುತ್ತಾರೆ.
ಬಿಟ್ಟ ಚರ್ಮ ಕಡ್ಡಿಯಲ್ಲೇ,
ಆರು ಕಾಲೂ ಬಿಗಿಹಿಡಿದು, ಒಳಗೆ ಯಾರೂ ಇಲ್ಲದೆ.

ಹೆಣ್ಣು ಎಳತರಲ್ಲಿ ಕಿತ್ತಳೆ, ಬಲಿತರೆ ಪಾಚಿಬಣ್ಣ.
ಗಂಡು ಅವಳ ಕುತ್ತಿಗೆ ಹಿಡಿಯುತ್ತಾನೆ, ಅವಳು ಬಾಗುತ್ತಾಳೆ,
ಇಬ್ಬರೂ ಸೇರಿ ಹೃದಯದ ಆಕಾರ.
ಕಾಲೇಜು ಹುಡುಗರು ಫೋಟೋ ತೆಗೆದುಕೊಳ್ಳುತ್ತಾರೆ.
ಅದು ಪ್ರೀತಿಗಿಂತ ಹೆಚ್ಚು ಕಾವಲು ಕಣ್ರಪ್ಪ,
ಬಿಟ್ಟರೆ ಇನ್ನೊಬ್ಬ ಬಂದಾನೆಂದು ಗಂಟೆಗಟ್ಟಲೆ ಬಿಡುವುದಿಲ್ಲ.
ಕಾವಲಿನ ಕಷ್ಟ ನನಗೆ ಗೊತ್ತು, ಎರಡು ಶಿಫ್ಟು ಮಾಡುವವನು.

ಹೊತ್ತು ಇಳಿದ ಮೇಲೆ ಅವಳೊಬ್ಬಳೇ ಬಂದು
ತೇಲುವ ಎಲೆಗೆ ಸೀಳು ಹಾಕಿ
ಒಂದೊಂದೇ ಮೊಟ್ಟೆ ಹೊಲಿಯುತ್ತಾಳೆ.
ಸೂಜಿ ಅಂದದ್ದು ಸುಳ್ಳಾಗಲಿಲ್ಲ.

ಆಗಸ್ಟಿಗೆ ಲಾರಿ ಬಂತು, ಪಂಪು ಬಂತು.
ಹೂಳು ತೆಗೀರಿ, ಹಬ್ಬ ಹತ್ತಿರ, ಅಂದರು ಎಂಜಿನಿಯರು.
ನೀರು ಮೊಣಕಾಲಿಗೆ ಇಳಿದಾಗ
ಒಂದು ಬಕೆಟ್ ಮೊಗೆದು ನೋಡಿದೆವು.
ಮರಿಗಳು. ಬಾಲಕ್ಕೆ ಮೂರು ಗರಿ.
ಕೆಳದುಟಿ ಫಕ್ಕನೆ ಚಾಚಿ
ಸೊಳ್ಳೆಮರಿ ಹಿಡಿದು ತಿನ್ನುತ್ತಿದ್ದವು,
ಮನೆ ಖಾಲಿ ಮಾಡಿಸುವ ಸುದ್ದಿ ಇನ್ನೂ ಮುಟ್ಟಿಲ್ಲದವರ ಹಾಗೆ.

ಮುನಿರತ್ನಮ್ಮ ಬಕೆಟ್ ಎತ್ತಿಕೊಂಡು ಕೆರೆಯ ಕಡೆ ಹೊರಟಳು.
"ಅಲ್ಲಿ ನೊರೆ" ಅಂದೆ.
ನಿಂತಳು. ಬಲಗೈಯಿಂದ ಎಡಗೈಗೆ ಬದಲಾಯಿಸಿದಳು.

ಈಗ ಅದು ಪಂಪ್ ಶೆಡ್ಡಿನ ಹಿಂದೆ ಇದೆ,
ಒಂದು ಇಟ್ಟಿಗೆ, ಒಂದು ಜೊಂಡಿನ ಕಡ್ಡಿ ಸಮೇತ.
ರಿಜಿಸ್ಟರಿನಲ್ಲಿ ಬರೆದಿಲ್ಲ.
ಸೂಪರ್‌ವೈಸರ್ ಕೇಳಿದರೆ
ನೆಲ ಒರೆಸುವ ನೀರು ಸಾರ್, ಅಷ್ಟೆ.