ವಾಡ್ಸೋದಿಂದ ಕಿರ್ಕೆನೆಸ್‌ಗೆ

ಓಸ್ಲೋದಿಂದ ಬಂದ ನಮೂನೆಯಲ್ಲಿ ಎರಡೇ ಖಾನೆ:
ದೂರ. ಹಾರಾಟದ ಹೊತ್ತು.
ಅಂಕಿ ಮಾತ್ರ ತುಂಬಿರಿ ಎಂದು ಅಡಿಯಲ್ಲಿ ಸಣ್ಣಕ್ಷರ.

ತುಂಬಬಹುದು. ಮೂವತ್ತೆಂಟು ಕಿಲೋಮೀಟರು.
ಹದಿನೈದು ನಿಮಿಷ; ಗಾಳಿ ಬೆನ್ನಿಗೆ ಬಿದ್ದು ನೂಕಿದರೆ ಇನ್ನೂ ಕಮ್ಮಿ.
ಸೀಟಿನ ಬೆಲ್ಟು ಬಿಗಿದು, ಮೂಗು ಒರೆಸಿಕೊಳ್ಳುವಷ್ಟರಲ್ಲಿ
ಆಚೆ ದಡದ ದೀಪ.
ಹತ್ತೊಂಬತ್ತು ವರ್ಷದಿಂದ ಈ ಕೌಂಟರಿನಲ್ಲಿ
ಚೀಟಿ ಹರಿಯುವವಳು ನಾನು, ಚೀಲ ತೂಗುವವಳು ನಾನು,
ವಿಮಾನ ಬಂದಾಗ ಕಿತ್ತಳೆ ಅಂಗಿ ತೊಟ್ಟು
ರೆಕ್ಕೆಯ ಮೇಲಿನ ಹಿಮ ತೊಳೆಯುವವಳೂ ನಾನೇ.
ನನಗೆ ಗೊತ್ತಿಲ್ಲದ ಅಂಕಿಯೇ?

ಆದರೆ ಕಾರಿನವರನ್ನು ಕೇಳಿ.
ಫ್ಯೋರ್ಡಿನ ಬಾಯಿಂದ ಗಂಟಲ ತನಕ ಹೋಗಿ,
ವರಾಂಗರ್‌ಬೊತ್ನ್‌ನಲ್ಲಿ ಪೆಟ್ರೋಲು ಹಾಕಿಸಿ,
ಮತ್ತೆ ಗಂಟಲಿಂದ ಬಾಯಿಗೆ:
ನೂರ ಎಪ್ಪತ್ತು ಚಿಲ್ಲರೆ,
ಎದುರುಮನೆಗೆ ಊರೆಲ್ಲ ಸುತ್ತಿ ಹೋದ ಹಾಗೆ.
ನಡುವೆ ಹಿಮಸಾರಂಗ ಅಡ್ಡ ನಿಂತರೆ
ಅದರ ಮರ್ಜಿ.

ಹಿಲ್ಮಾರ್ ನಿಸ್ಕಾನನ್ನು ಯಾವ ಖಾನೆಗೆ ಹಾಕಲಿ?
ವಾರಕ್ಕೆ ಮೂರು ಸಲ, ಬೆಳಗಿನ ವಿಮಾನ,
ಆಚೆ ದಡದ ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಳ್ಳಲು.
ಚೀಲವಿಲ್ಲ. ಬೂಟು ಬಿಚ್ಚಿ
ಚೀಲದ ತಕ್ಕಡಿಯ ಮೇಲೆ ತಾನೇ ಹತ್ತಿ ನಿಲ್ಲುತ್ತಾನೆ,
ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು, ಅದರಿಂದ ಹಗುರಾಗುತ್ತಾನೆಂಬಂತೆ.
ಎಂಬತ್ತೊಂದೂವರೆ, ಎನ್ನುತ್ತೇನೆ.
'ಹೆಚ್ಚಿನ ಸಾಮಾನಿಗೆ ದುಡ್ಡು ಕೇಳಬೇಡ, ಟೂರ್ಡಿಸ್.'
ಸಂಜೆ ಮರಳಿ ಮತ್ತೆ ಹತ್ತುತ್ತಾನೆ: ಎಪ್ಪತ್ತೊಂಬತ್ತು.
'ಎರಡೂವರೆ ಕಿಲೋ ನೀರು ಅಲ್ಲಿಳಿಸಿ ಬಂದೆ,'
ಏಡಿಯ ಬುಟ್ಟಿ ಇಳಿಸಿ ಬಂದವನ ದನಿ.
ಅವನ ಅಪ್ಪನ ದೋಣಿಗೆ ಇದೇ ಕಡಲು ಮೂರು ತಾಸಿನ ದಾರಿ,
ಅದೂ ಹುಡುಗ ಹಿಲ್ಮಾರ್ ಡಬ್ಬಿ ಹಿಡಿದು
ತಳದ ನೀರು ಎತ್ತಿ ಚೆಲ್ಲುತ್ತಿದ್ದರೆ.
ಈಗ ಕಿಟಕಿಗೆ ಹೆಬ್ಬೆರಳು ಒತ್ತಿದರೆ ಸಾಕು,
ಇಡೀ ಫ್ಯೋರ್ಡು ಮುಚ್ಚಿಹೋಗುತ್ತದಂತೆ.

ಜನವರಿಯ ಒಂದು ಗುರುವಾರ
ವಿಮಾನ ಏರಿತು, ಕಿರ್ಕೆನೆಸ್ ಮೇಲೆ ಮೂರು ಸುತ್ತು ಸುತ್ತಿತು,
ನೆಲ ಕಾಣಲಿಲ್ಲ, ಹೊರಟಲ್ಲಿಗೇ ಬಂತು.
ಹಾರಾಟದ ಹೊತ್ತು: ಐವತ್ತೆರಡು ನಿಮಿಷ.
ದೂರ: ಸೊನ್ನೆ.
ಹಿಲ್ಮಾರ್ ಮೆಟ್ಟಿಲಿಳಿದ. ತಮಾಷೆಯಿಲ್ಲ, ತಕ್ಕಡಿಯತ್ತ ನೋಡಲೂ ಇಲ್ಲ.
ಉಂಗುರ ಬೆರಳಿನ ಬಾವಿನಲ್ಲಿ ಹೂತುಹೋಗಿತ್ತು.
ಟ್ಯಾಕ್ಸಿಯ ಇಂಗಾ ಎಂಜಿನು ಆರಿಸದೆ ಕಾದಿದ್ದಳು;
ಹಿಮ ನೂಕುವ ಗಾಡಿಯ ಬಾಲ ಹಿಡಿದು ಹೊರಟರು,
ಗಂಟಲ ತನಕ, ಮತ್ತೆ ಬಾಯಿಗೆ.

ಆ ದಿನದ ಎಲ್ಲ ವಿಮಾನ ರದ್ದು.
ಬಾಗಿಲು ಹಾಕಿ ಮನೆಗೆ ಹೋಗಬಹುದಿತ್ತು.
ಬೆಲ್ಟನ್ನು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.
ಅವನು ಬಿಟ್ಟುಹೋದ ಅರ್ಧ ಲೋಟ ಕಾಫಿ
(ಅವನಿಗೆ ಅಪ್ಪಣೆ ಇರುವುದೇ ಅರ್ಧ)
ಯಾಕೋ ಚೆಲ್ಲಲಿಲ್ಲ.
ರಾತ್ರಿ ಹತ್ತೂಕಾಲಿಗೆ ಕೌಂಟರಿನ ಫೋನು.
ಹೆಸರಿಲ್ಲ, ಹಲೋ ಇಲ್ಲ.
'ಎಪ್ಪತ್ತೊಂಬತ್ತು,' ಎಂದು ಹೇಳಿ ಇಟ್ಟುಬಿಟ್ಟ.

ಅಂಕಿ ಮಾತ್ರ ಎಂದಿದ್ದಾರೆ.
ಮೂವತ್ತೆಂಟು ಬರೆದೆ. ಹದಿನೈದು ಬರೆದೆ.
ಅಂಚಿನಲ್ಲಿ ಪೆನ್ಸಿಲಿನಿಂದ ಎಪ್ಪತ್ತೊಂಬತ್ತು;
ಏನೆಂದು ಕೇಳಿದರೆ ಹೇಳುತ್ತೇನೆ.
ಲಕೋಟೆ ನಾಳೆ ಬೆಳಗಿನ ವಿಮಾನಕ್ಕೆ,
ಗಾಳಿ ಒಪ್ಪಿದರೆ.