ಕಿಟಕಿ ಗಾಜಿನ ಮೇಲೆ ನೀಲಿ ಗೀಟು

ವೂಹಾನಿನಲ್ಲಿ, ಯಾಂಗ್ಟ್ಸಿಯ ಈ ದಡದಲ್ಲಿ, ಐದನೆಯ ಮಹಡಿಯಲ್ಲಿ
ನನ್ನ ಹೊಲಿಗೆ ಮಷೀನು ಕಿಟಕಿಗೆ ಮುಖ ಮಾಡಿ ಕೂತಿದೆ.
ಮೊದಲು ಅಲ್ಲಿದ್ದದ್ದು ಒಂದು ಹಳ್ಳ.
ಎರಡು ಚಳಿಗಾಲ ಬರೀ ಹಳ್ಳವೇ.
ಲಾರಿಗಳು ಮಣ್ಣು ಹೊತ್ತವು, ಹೊತ್ತವು.
"ಇವರು ಕಟ್ಟಡ ಕಟ್ಟುತ್ತಾರೋ ಬಾವಿ ತೋಡುತ್ತಾರೋ" ಎಂದು
ಕೆಳಗಿನ ನೂಡಲ್ಸ್ ಅಂಗಡಿಯ ಮುದುಕ ಕುವಾಂಗ್
ಎಳ್ಳಿನ ಗೊಜ್ಜು ಕಲಸುತ್ತಾ ಕೇಳಿದ.

ಮೂರನೆಯ ವಸಂತದಲ್ಲಿ
ಬೇಲಿಯ ಮೇಲಿಂದ ಅದರ ನೆತ್ತಿ ಇಣುಕಿತು.
ಆ ಭಾನುವಾರ ಕುರ್ಚಿಯಲ್ಲಿ ನೆಟ್ಟಗೆ ಕೂತು
ಎಡಗಣ್ಣು ಮುಚ್ಚಿ,
ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಿಂದ
ಗಾಜಿನ ಮೇಲೊಂದು ಗೀಟು ಎಳೆದೆ.
ಮುಂದಿನ ಭಾನುವಾರ ಇನ್ನೊಂದು.
ನಡುವೆ ಅಕ್ಕಿಕಾಳಿನಷ್ಟು ಜಾಗ.

ಆ ಅಕ್ಕಿಕಾಳಿನೊಳಗೆ ಒಂದೂವರೆ ಮಹಡಿ ಇದೆ
ಎಂದು ಲೆಕ್ಕ ಹೇಳಿದವಳು ಕೌ ರುಯಿ.
ಕ್ರೇನು ನಡೆಸುವವಳು, ಗಾನ್ಸುವಿನ ಒಣ ಗುಡ್ಡಗಳ ಕಡೆಯವಳು.
ಕಿತ್ತಳೆ ಜಾಕೆಟ್ಟಿನ ಜಿಪ್ಪು ಕಿತ್ತುಹೋಗಿ ಬಂದಿದ್ದಳು.
ಮೇಲೆ ಗಾಳಿ ಹೇಗಿರುತ್ತೆ, ಕೇಳಿದೆ.
"ಅಕ್ಕಾ, ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟೋದಿಲ್ಲ.
ಕುಡಿದರೆ ಇಳೀಬೇಕು.
ಇಳಿದು ಹತ್ತೋಕೆ ಒಂದು ಗಂಟೆ."
ಗಾಳಿಯ ಬಗ್ಗೆ ಅವಳು ಹೇಳಿದ್ದು ಅಷ್ಟೇ.

ಮಂಜು ಮುಸುಕಿದ ದಿನ ನನಗೆ ಕಟ್ಟಡವಿಲ್ಲ, ಅವಳಿಗೆ ಊರಿಲ್ಲ.
ಬಿಳುಪಿನ ನಡುವೆ ಒಬ್ಬಳೇ ಕೂತು
ವಾಕಿಟಾಕಿಯಲ್ಲಿ ಯಾರೋ ಮೇಸ್ತ್ರಿ
ಇನ್ಯಾರನ್ನೋ ಬೈಯುವುದನ್ನು ಕೇಳುತ್ತಿರುತ್ತಾಳೆ.
ನಾನು ಅಂಗಿಗೆ ಗುಂಡಿ ಹಚ್ಚುತ್ತಿರುತ್ತೇನೆ.

ಆಮೇಲೆ ಒಂದು ಜೂನಿನಲ್ಲಿ ಗೀಟು ನಿಂತಿತು.
ಅದೇ ಜಾಗದಲ್ಲಿ ಎಳೆದೂ ಎಳೆದೂ
ನೀಲಿ ದಪ್ಪಗಾಯಿತು, ಹುಬ್ಬಿನ ಹಾಗೆ.
ದುಡ್ಡು ಮುಗಿಯಿತು ಅಂದರು.
ಅಲ್ಲ, ವಿಮಾನಗಳಿಗೆ ಅಡ್ಡವಂತೆ,
ಮೂವತ್ತು ಮಹಡಿ ಕಡಿಮೆ ಮಾಡುತ್ತಾರಂತೆ.
ಕುವಾಂಗ್ ಏಣಿ ತಂದು
"ನಾಡಿನ ಅತಿ ಎತ್ತರದ ಕಟ್ಟಡದ ಎದುರು" ಎಂಬ ತನ್ನ ಬೋರ್ಡಿನಲ್ಲಿ
"ಅತಿ" ಅನ್ನುವುದಕ್ಕೆ ಮಾತ್ರ ಬಿಳಿ ಬಣ್ಣ ಬಳಿದ.
ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ನನಗೆ ಅಷ್ಟೇನೂ ಅನಿಸಲಿಲ್ಲ.
ಬದುಕಿಡೀ ಪ್ಯಾಂಟು ಗಿಡ್ಡ ಮಾಡಿದವಳು ನಾನು.
ತಿಳಿದ ದರ್ಜಿ ಬಟ್ಟೆ ಕತ್ತರಿಸಿ ಎಸೆಯುವುದಿಲ್ಲ,
ಒಳಕ್ಕೆ ಮಡಿಚಿ ಹೊಲಿಯುತ್ತಾಳೆ,
ಮಗು ಬೆಳೆದರೆ ಬಿಚ್ಚಿಕೊಳ್ಳಲಿ ಎಂದು.
ಆ ಮೂವತ್ತು ಮಹಡಿಯನ್ನೂ ಎಲ್ಲೋ ಮಡಿಚಿಟ್ಟಿರಬೇಕು.
ಮೊದಲಿನ ಹಳ್ಳದಲ್ಲಿ ಜಾಗ ಬೇಕಾದಷ್ಟಿತ್ತಲ್ಲ.

ಕೌ ರುಯಿ ಬೇರೆ ಕ್ರೇನು ಹುಡುಕಿ ಚೆಂಗ್ಡುವಿಗೆ ಹೋದಳು.
ಮೂರು ಬೆರಳು ಗಿಡ್ಡ ಮಾಡಲು ಕೊಟ್ಟ ಕಪ್ಪು ಪ್ಯಾಂಟು
ಪಿನ್ನು ಚುಚ್ಚಿಕೊಂಡು ಕೊಕ್ಕೆಯಲ್ಲಿ ಉಳಿಯಿತು.

ಹದಿನಾಲ್ಕು ತಿಂಗಳಾದ ಮೇಲೆ ಮತ್ತೆ ವೆಲ್ಡಿಂಗಿನ ಕಿಡಿ.
ಕ್ರೇನಿನಲ್ಲಿ ಯಾರೋ, ಗೊತ್ತಿಲ್ಲ.
ಗೀಟುಗಳು ಏರಿದವು, ಏರಿ ಏರಿ
ಒಂದು ದಿನ ಕಿಟಕಿಯೇ ಮುಗಿದುಹೋಯಿತು.
ಕಟ್ಟಡ ಮುಗಿದಿರಲಿಲ್ಲ.
ಕುರ್ಚಿ ಬಿಟ್ಟು ನೆಲಕ್ಕೆ ಕೂತರೆ ತುದಿ ಕಾಣುತ್ತಿತ್ತು, ನಿಜ.
ಆದರೆ ಕಣ್ಣು ಕೆಳಗಾದರೆ ಹಳೆಯ ಗೀಟೆಲ್ಲ ಸುಳ್ಳು.
ಅಳತೆ ಕೊಡುವಾಗ ಬಗ್ಗುವ ಗಿರಾಕಿಗಳನ್ನು
ಎಷ್ಟು ಬೈದಿಲ್ಲ ನಾನು.
ಸುಣ್ಣವನ್ನು ಡಬ್ಬಿಗೆ ಹಾಕಿದೆ.

ಈಗ ಅದಕ್ಕೆ ಮೈತುಂಬ ಗಾಜು.
ಚಳಿಗಾಲದಲ್ಲಿ ಮೂರು ಮುಕ್ಕಾಲಕ್ಕೆ
ಅದರ ನೆರಳು ನದಿಯ ಕಡೆಯಿಂದ ಬಂದು
ನನ್ನ ಮಷೀನಿನ ಮೇಲೆ ಹನ್ನೊಂದು ನಿಮಿಷ ಕೂರುತ್ತದೆ.
ಆಗ ಸೂಜಿಗೆ ದಾರ ಪೋಣಿಸಲಾಗದು.
ಎದ್ದು ಅನ್ನಕ್ಕಿಡುತ್ತೇನೆ.
ಅಕ್ಕಿ ತೊಳೆಯುವಷ್ಟರಲ್ಲಿ ಅದು ಗೋಡೆ ಏರಿ,
ಕೊಕ್ಕೆಯ ಕಪ್ಪು ಪ್ಯಾಂಟನ್ನು ದಾಟಿ
ಪಕ್ಕದ ಮನೆಗೆ ಹೋಗಿರುತ್ತದೆ.
ಅಲ್ಲಿ ಮುದುಕಿ ಶಿ
ಒಣಗಲಿಟ್ಟ ಮೂಲಂಗಿಯ ಮೊರವನ್ನು
ಗೊಣಗುತ್ತಾ ಬಿಸಿಲಿಗೆ ಎಳೆಯುವ ಸದ್ದು.