ಎಪ್ಪತ್ತೊಂದು ಮೆಟ್ಟಿಲು

ಅಂಗಡಿಗೆ ಹೋಗುವ ಮೊದಲೇ ಎಣಿಸಿಕೊಂಡಿದ್ದೆ:
ಬೀದಿಯಿಂದ ನನ್ನ ಬಾಗಿಲಿಗೆ ಎಪ್ಪತ್ತೊಂದು ಮೆಟ್ಟಿಲು,
ನಡು ಸವೆದ ಕಲ್ಲು, ದೀಪವಿಲ್ಲದ ಎರಡು ತಿರುವು.
ಡಂಡೀಯ ಈ ಹಳೇ ಕಟ್ಟಡಗಳಲ್ಲಿ
ಲಿಫ್ಟು ಅಂದರೆ ನಿಮ್ಮದೇ ಮೊಣಕಾಲು.

ಟೊರ್ಕ್ವಿಲ್ ಎಂದು ಎದೆಯ ಮೇಲೆ ಬಿಲ್ಲೆ ಚುಚ್ಚಿಕೊಂಡ ಹುಡುಗ
ಮಡಿಸುವ ಮೇಜಿನ ಬೆನ್ನು ತಟ್ಟಿ ಅಂದ,
ಇನ್ನೂರು ಕಿಲೋ ತಡೆಯುತ್ತೆ ಮೇಡಂ.
ನಾನೇನು ಆನೆ ಕೊಯ್ಯುತ್ತೇನೆಯೇ ಮಗು?
ಒಂದು ಬಾಗಿಲು.
ಕಡಲ ತೇವ ಕುಡಿದು ಉಬ್ಬಿ
ಚೌಕಟ್ಟಿಗೆ ಹಲ್ಲು ಕಚ್ಚಿ ಕೂತ ಅಡುಗೆಮನೆಯ ಬಾಗಿಲು.
ಕಡ್ಡಿ ಮುರಿದ ಹಾಗೆ ಹೇಳಿದೆ:
ತಡೆಯೋದು ಬೇಡ, ನಿಲ್ಲೋದು ತೋರಿಸು.

ಮೊದಲನೆಯದಕ್ಕೆ ಸೊಂಟ ಕೊಟ್ಟು ನೂಕಿದೆ,
ಇಲ್ಲದ ಉಜ್ಜುಗೊರಡು ಹಿಡಿದು ಗಾಳಿಯನ್ನೇ ಹೆರೆದೆ.
ನಡುಗಿತು, ಓದದೆ ಪರೀಕ್ಷೆಗೆ ಬಂದವನ ಹಾಗೆ.
ಎರಡನೆಯದು ಕದಲಲಿಲ್ಲ.
ಎತ್ತಲು ಹೋದೆ, ನಾನೂ ಕದಲಲಿಲ್ಲ.
ಮೂರನೆಯದನ್ನು ಮಗುಚಿ ಹೊಟ್ಟೆ ನೋಡಿದೆ.
ಉಕ್ಕಿನ ಕಾಲು, ಬೀಚ್ ಮರದ ಎರಡು ದವಡೆ,
ಈ ಹಿಡಿ ತಿರುಗಿಸಿದರೆ ಈ ತುದಿ, ಆ ಹಿಡಿಗೆ ಆ ತುದಿ;
ಓರೆಯಾದದ್ದನ್ನು ಓರೆಯಾಗಿಯೇ ಹಿಡಿಯಬಲ್ಲದು.
ಬುಡದಲ್ಲೊಂದು ಅಡ್ಡಪಟ್ಟಿ, ಪಾದದಷ್ಟು ಅಗಲ.
ಇದು ಯಾಕೆ?
ಹುಡುಗ ಬಿಲ್ಲೆಯನ್ನು ಸರಿಮಾಡಿಕೊಂಡ.

ಹದಿಮೂರು ಕಿಲೋ.
ಮುನಿಸಿಕೊಂಡ ಮಗುವಿನ ಹಾಗೆ ಸೊಂಟದ ಮೇಲೇರಿಸಿ ಹೊರಟೆ.
ಮೂವತ್ತೆಂಟನೇ ಮೆಟ್ಟಿಲಲ್ಲಿ ಕೂತು
ನನಗೆ ಐವತ್ತೊಂಬತ್ತು ಎಂಬುದನ್ನು ನೆನಪಿಸಿಕೊಂಡೆ.

ಒಲೆಗೂ ಸಿಂಕಿಗೂ ನಡುವೆ ಕಾಲು ಬಿಚ್ಚಿತು,
ಬಿಚ್ಚುವಾಗ ಕೀಲು ಕಿರುಬೆರಳ ರುಚಿ ನೋಡಿತು.
ಮಡಿಸುವುದೆಲ್ಲ ಕಚ್ಚುತ್ತದೆ: ಕೊಡೆ, ಕುರ್ಚಿ, ಚಾಕು.
ನೆಲ ಡೊಂಕು. ಒಂದು ಕಾಲಿನಡಿ
ಬಸ್ ಟಿಕೆಟು, ನಾಲ್ಕು ಮಡಿಕೆ.
ಬಾಗಿಲ ಅಂಚನ್ನು ದವಡೆಗೆ ಕೊಟ್ಟು ಬಿಗಿದು
ಉಜ್ಜತೊಡಗಿದೆ.

ನಡೆಯಿತು! ಕೆಲಸವಲ್ಲ, ಮೇಜು.
ಒಂದು ಎಳೆತಕ್ಕೆ ಒಂದು ಬೆರಳು,
ಚಹಾದ ಹೊತ್ತಿಗೆ ಒಲೆ ಬಿಟ್ಟು ಕಿಟಕಿ ಸೇರಿತ್ತು.
ಹೊತ್ತು ತರಲು ಹಗುರ ಬೇಕು,
ನಿಂತು ದುಡಿಯಲು ಭಾರ ಬೇಕು,
ಎರಡನ್ನೂ ಒಂದೇ ಬೆಲೆಗೆ ಯಾರು ಮಾರುತ್ತಾರೆ?

ಅಷ್ಟರಲ್ಲಿ ಕೆಳಗಿನಿಂದ ಪೊರಕೆ ಹಿಡಿ:
ದಡ್. ದಡ್. ದಡ್.
ಆಮೇಲೆ ಪೊರಕೆಯೇ ಮೇಲೆ ಬಂತು,
ಹಿಂದೆ ಯೂಫೇಮಿಯಾ ಗೌರ್ಲೆ,
ತಲೆ ತುಂಬ ಕೂದಲು ಸುತ್ತಿದ ಉರುಳೆ.
ಹತ್ತೊಂಬತ್ತು ವರ್ಷದಲ್ಲಿ ನಮ್ಮ ನಡುವೆ ನಡೆದ ಮಾತು
ಕಸದ ಡಬ್ಬಿಯ ಸರದಿ ಯಾರದು ಎಂಬುದಷ್ಟೆ.
ನನ್ನ ಮನೆ ದೀಪ ಕುಣೀತಿದೆ, ಅಂದಳು.
ಒಂದು ನಿಮಿಷ, ಅಂದೆ, ಕಾಲನ್ನು ಅಲ್ಲಿಡಿ.

ಯಾಕೆ ಇಟ್ಟಳೋ, ಬೈಗುಳ ಬಾಯಲ್ಲೇ ಇತ್ತು.
ಉಣ್ಣೆ ಚಪ್ಪಲಿಯ ಕಾಲು ಅಡ್ಡಪಟ್ಟಿಯ ಮೇಲೆ ಬಿತ್ತು,
ಮೇಜು ನೆಲವಾಯಿತು.
ಉಜ್ಜಿದೆ. ಬಂತು, ತೋಳುದ್ದ ಸುರುಳಿ,
ಈರುಳ್ಳಿ ಸಿಪ್ಪೆಯಂತೆ ಬೆಳಕು ಸೋಸುವಷ್ಟು ತೆಳ್ಳಗೆ.
ಎರಡನೆಯದು ಹರಿದು ಚೂರಾಯಿತು.
ಎಳೆಗೆ ಎದುರು ಹೋಗ್ತಿದ್ದೀಯ, ಅಂದಳು ಗೌರ್ಲೆ,
ನಮ್ಮಪ್ಪ ದೋಣಿ ಕಟ್ಟುತ್ತಿದ್ದ, ತಿರುಗಿಸು ಬಾಗಿಲನ್ನ.
ತಿರುಗಿಸಿದೆವು.
ಪೊರಕೆ ಹೇಗೂ ಬಂದಿತ್ತು, ಕೊನೆಗೆ ಹೊಟ್ಟು ಗುಡಿಸಿದೆವು.

ಬಾಗಿಲು ಈಗ ಮುಚ್ಚುತ್ತದೆ.
ಕೆಳಮೂಲೆಯಲ್ಲಿ ಕೊಂಚ ಜಾಸ್ತಿಯೇ ಹೆರೆದಿದ್ದೇನೆ,
ಗಾಳಿ ಅಲ್ಲಿಂದ ಬಂದು ಹಿಮ್ಮಡಿ ಕೇಳುತ್ತದೆ.
ಮೇಜು ಮಡಿಸಿಕೊಂಡು ಅದರ ಹಿಂದೆ ನಿಂತಿದೆ,
ಅಂಗೈಯಗಲಕ್ಕಿಂತ ಸ್ವಲ್ಪ ದಪ್ಪ.

ಭಾನುವಾರ, ಚಹಾ ಇನ್ನೂ ಬಿಸಿ,
ನೆಲದಡಿಯಿಂದ ದಡ್. ದಡ್.
ಎರಡೇ ಸಲ.
ಆಮೇಲೆ ಮೆಟ್ಟಿಲ ಮೇಲೆ ಉಣ್ಣೆ ಚಪ್ಪಲಿ,
ತಳ ಕಳಚಿದ ಡ್ರಾಯರೊಂದು ಗೋಡೆಗೆ ತಾಗುತ್ತ ಬರುವ ಸದ್ದು.
ನಾನು ಬಸ್ ಟಿಕೆಟು ಹುಡುಕುತ್ತಿದ್ದೇನೆ.